ಗಡಿಗೆ ಹೋಗುವುದು ಯಾರ ಮನೆ ಮಗ? ನಮ್ಮ ಹಾಡು ಯಾಕೆ ಕೇಳುತ್ತಿಲ್ಲ?

ಸೈನಿಕನನ್ನು ಹೊಗಳುವ ಹಾಡು ನಮ್ಮ ಕಡೆ ಬೇಕಾದಷ್ಟಿವೆ. ಬೆಳಗಾವಿಯಿಂದ ವಿಜಯಪುರದವರೆಗೆ ಯಾವ ಜಾತ್ರೆಗೆ ಹೋದರೂ, ಯಾವ ಗಣಪತಿ ಮೆರವಣಿಗೆಯ ಹಿಂದೆ ನಡೆದರೂ, ಡಿಜೆಯಲ್ಲಿ ಒಂದಾದರೂ ಮಿಲ್ಟ್ರಿ ಹಾಡು ಬರುತ್ತದೆ. ಗಡಿ ಕಾಯುವ ಅಣ್ಣ, ಹಿಮದಲ್ಲಿ ನಿಂತ ಮಗ, ರಜೆಗೆ ಬರುವ ಮಿಲ್ಟ್ರಿ ಹುಡುಗನ ದಾರಿ ಕಾಯುವ ಹುಡುಗಿ. ಈ ಹಾಡುಗಳಲ್ಲಿ ಪ್ರೀತಿ ಇದೆ, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಅವುಗಳಲ್ಲಿ ಒಂದು ಪ್ರಶ್ನೆ ಇಲ್ಲ. ಹೋಗುವವರು ಯಾವಾಗಲೂ ಅದೇ ಮನೆಗಳ ಮಕ್ಕಳೇ ಯಾಕೆ? ಎರಡೆಕರೆ ಒಣಬೇಸಾಯದವನ ಮಗ, ಕಬ್ಬು ಕಡಿಯುವವನ ಮಗ, ನೇಕಾರನ ಮಗ ಸೇನಾ ಭರ್ತಿಯ ಸಾಲಿನಲ್ಲಿ ನಿಂತಿರುತ್ತಾರೆ. ಸಕ್ಕರೆ ಫ್ಯಾಕ್ಟರಿ ಮಾಲೀಕನ ಮಗ, ಶಾಸಕನ ಮಗ, ದೊಡ್ಡ ಗುತ್ತಿಗೆದಾರನ ಮಗ ಆ ಸಾಲಿನಲ್ಲಿ ಕಾಣುವುದಿಲ್ಲ. ಯಾಕೆ?

ಇದನ್ನು ನೇರವಾಗಿ ಕೇಳಿದ ಹಾಡುಗಳು ಬೇರೆ ದೇಶಗಳಲ್ಲಿವೆ. ಹತ್ತಿರದ ಪ್ರಶ್ನೆಗಳನ್ನು ಕೇಳಿದ ಪದಗಳು ನಮ್ಮ ನೆಲದಲ್ಲೂ ಇದ್ದವು. ಈಗ ಯಾಕೆ ಆ ದನಿ ಕೇಳುತ್ತಿಲ್ಲ, ಅದರಿಂದ ನಮಗೆ ಏನು ನಷ್ಟ ಅನ್ನುವುದು ಈ ಲೇಖನದ ವಿಷಯ.

ಮೊದಲು ಅಮೆರಿಕದ ಕಥೆ. 1969ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನುವ ಬ್ಯಾಂಡ್ ‘ಫಾರ್ಚುನೇಟ್ ಸನ್’ ಎಂಬ ಹಾಡು ತಂದಿತು. ಬರೆದು ಹಾಡಿದವರು ಜಾನ್ ಫೋಗರ್ಟಿ. ಪೂರ್ತಿ ಎರಡೂವರೆ ನಿಮಿಷವೂ ಇಲ್ಲದ ಹಾಡು. ವಿಯೆಟ್ನಾಂ ಯುದ್ಧ ಜೋರಾಗಿದ್ದ ಕಾಲ. ಹಾಡುವವನು ಸೆನೆಟರನ ಮಗನಲ್ಲ, ಹಣವಂತನ ಮಗನಲ್ಲ, ಹಾಗಾಗಿಯೇ ಯುದ್ಧದ ಕರೆ ಅವನ ಮನೆಗೆ ಬಂದಿದೆ ಅನ್ನುವುದೇ ಅದರ ತಿರುಳು. ಫೋಗರ್ಟಿಗೆ ಇದು ಕೇಳಿ ತಿಳಿದ ವಿಷಯ ಆಗಿರಲಿಲ್ಲ. 1966ರಲ್ಲಿ ಅವರಿಗೇ ಸೇನೆಯ ಕರೆ ಬಂದು, ಅವರು ಮೀಸಲು ಪಡೆಗೆ ಸೇರಿದ್ದರು. 1968ರ ಡಿಸೆಂಬರ್‌ನಲ್ಲಿ ಮಾಜಿ ಅಧ್ಯಕ್ಷ ಐಸೆನ್‌ಹೋವರ್ ಅವರ ಮೊಮ್ಮಗ ಡೇವಿಡ್, ಆಗಷ್ಟೇ ಅಧ್ಯಕ್ಷರಾಗಿ ಗೆದ್ದಿದ್ದ ನಿಕ್ಸನ್ ಅವರ ಮಗಳು ಜೂಲಿಯನ್ನು ಮದುವೆಯಾದರು. ಇಂಥ ಮನೆಗಳ ಹುಡುಗರಿಗೆ ಯುದ್ಧದ ಬಿಸಿ ತಟ್ಟುವುದಿಲ್ಲ ಅನ್ನುವ ಸಿಟ್ಟು ಆ ಹಾಡಾಯಿತು ಎಂದು ಫೋಗರ್ಟಿ ಆಮೇಲೆ ಹೇಳಿಕೊಂಡಿದ್ದಾರೆ. (ಡೇವಿಡ್ ಮುಂದೆ ನೌಕಾಪಡೆಯ ಮೀಸಲು ದಳದಲ್ಲಿ ಸೇವೆ ಮಾಡಿದರು, ಅದನ್ನೂ ಹೇಳಬೇಕು. ಹಾಡಿನ ಸಿಟ್ಟು ಒಬ್ಬ ಹುಡುಗನ ಮೇಲೆ ಅಲ್ಲ, ಒಂದು ಏರ್ಪಾಡಿನ ಮೇಲೆ.)

ಆ ಏರ್ಪಾಡು ಹೇಗಿತ್ತು? ಅಲ್ಲಿ ಆಗ ಕಡ್ಡಾಯ ಸೈನ್ಯ ಸೇವೆ ಇತ್ತು. ಕಾನೂನು ಎಲ್ಲರಿಗೂ ಒಂದೇ ಅನ್ನುವಂತೆ ಕಾಣುತ್ತಿತ್ತು. ಆದರೆ ಕಾಲೇಜಿನಲ್ಲಿ ಓದುತ್ತಿದ್ದರೆ ಕರೆ ಮುಂದಕ್ಕೆ ಹೋಗುತ್ತಿತ್ತು, ಕಾಲೇಜು ಓದಲು ದುಡ್ಡು ಬೇಕಿತ್ತು. ಒಳ್ಳೆ ಡಾಕ್ಟರ್ ಗೊತ್ತಿದ್ದರೆ ಕಾಲಿನದೋ ಬೆನ್ನಿನದೋ ಸರ್ಟಿಫಿಕೇಟ್ ಸಿಗುತ್ತಿತ್ತು. ಪರಿಚಯ ಇದ್ದರೆ ದೇಶದೊಳಗೇ ಉಳಿಯುವ ನ್ಯಾಷನಲ್ ಗಾರ್ಡ್‌ನಲ್ಲಿ ಜಾಗ ಸಿಗುತ್ತಿತ್ತು. ಇನ್ನೊಂದು ಕಡೆ, 1966ರಲ್ಲಿ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರ ಶುರು ಮಾಡಿದ ಯೋಜನೆಯಲ್ಲಿ ಸೇನೆಯ ಪರೀಕ್ಷೆಯ ಮಟ್ಟವನ್ನೇ ಇಳಿಸಿ, ಮೊದಲು ಫೇಲಾಗುತ್ತಿದ್ದ ಮೂರೂವರೆ ಲಕ್ಷದಷ್ಟು ಹುಡುಗರನ್ನು ಸೇರಿಸಿಕೊಂಡರು. ಬಡವರಿಗೆ ಕೆಲಸ ಕಲಿಸುತ್ತೇವೆ ಅಂದಿದ್ದರು. ತುಂಬ ಜನ ನೇರ ಯುದ್ಧಕ್ಕೆ ಹೋದರು. 1969ರ ಡಿಸೆಂಬರ್ 1ರಂದು, ಯಾರು ಮೊದಲು ಹೋಗಬೇಕು ಅಂತ ಹುಟ್ಟಿದ ದಿನಾಂಕದ ಚೀಟಿ ಎತ್ತಿ ತೀರ್ಮಾನಿಸುವ ಲಾಟರಿ ಬಂತು, ಆದರೂ ಕಾಲೇಜಿನವರ ರಿಯಾಯಿತಿ ಇನ್ನೂ ಸ್ವಲ್ಪ ಕಾಲ ನಡೆಯಿತು. 1973ಕ್ಕೆ ಕಡ್ಡಾಯ ಕರೆ ನಿಂತಿತು. ಅಷ್ಟರಲ್ಲಿ ಆ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು 58 ಸಾವಿರಕ್ಕೂ ಹೆಚ್ಚು. ವಿಯೆಟ್ನಾಮಿನ ಜನ ಸತ್ತಿದ್ದು ಅದರ ಎಷ್ಟೋ ಪಟ್ಟು.

ಇದು ಅಲ್ಲಿಗೂ ಹೊಸದಲ್ಲ. 1863ರಲ್ಲಿ, ಅವರ ಅಂತರ್ಯುದ್ಧದ ಕಾಲದಲ್ಲಿ, 300 ಡಾಲರ್ ಕಟ್ಟಿದರೆ ಸೈನ್ಯಕ್ಕೆ ಹೋಗಬೇಕಾಗಿಲ್ಲ ಅಂತ ಕಾನೂನೇ ಇತ್ತು. ಅಷ್ಟು ದುಡ್ಡು ಕೂಲಿಯವನಿಗೆ ಹತ್ತಿರ ಹತ್ತಿರ ಒಂದು ವರ್ಷದ ದುಡಿಮೆ. ನ್ಯೂಯಾರ್ಕಿನಲ್ಲಿ ಆ ಜುಲೈನಲ್ಲಿ ದೊಡ್ಡ ಗಲಭೆಯೇ ಆಯಿತು, ಆ ಸಿಟ್ಟು ಕೊನೆಗೆ ಏನೂ ತಪ್ಪು ಮಾಡದ ಕಪ್ಪು ಜನರ ಮೇಲೆ ತಿರುಗಿ ಎಷ್ಟೋ ಜನರನ್ನು ಕೊಂದರು. ಸಿಟ್ಟು ಯಾರ ಕಡೆ ಹೋಗಬೇಕು ಅನ್ನುವುದನ್ನು ಒಳ್ಳೆ ಹಾಡು ತೋರಿಸಿಕೊಡುತ್ತದೆ ಅಂತ ನಾನು ನಂಬುವುದು ಇದಕ್ಕೇ.

ಫೋಗರ್ಟಿ ಹಾಡಿಗೆ ಆಮೇಲೆ ಆಗಿದ್ದನ್ನು ನಾವು ಗಮನಿಸಬೇಕು. 2020ರಲ್ಲಿ ಟ್ರಂಪ್ ತಮ್ಮ ಚುನಾವಣಾ ಸಭೆಯಲ್ಲಿ ಅದೇ ಹಾಡು ಹಾಕಿಸಿದರು. ಟ್ರಂಪ್ ಕಾಲೇಜಿನ ಹೆಸರಲ್ಲಿ ನಾಲ್ಕು ಸಲ, ಹಿಮ್ಮಡಿಯ ಮೂಳೆಯ ಕಾರಣಕ್ಕೆ ಒಂದು ಸಲ ವಿಯೆಟ್ನಾಂ ಕರೆಯಿಂದ ರಿಯಾಯಿತಿ ಪಡೆದವರು. ಫೋಗರ್ಟಿ ಇದನ್ನು ನಿಲ್ಲಿಸಿ ಎಂದು ನೋಟಿಸ್ ಕೊಡಬೇಕಾಯಿತು. ಹಾಡಿನ ಗಿಟಾರ್ ಉಳಿಯಿತು, ಕುಣಿತ ಉಳಿಯಿತು, ಪ್ರಶ್ನೆ ಉದುರಿಹೋಯಿತು. ಪ್ರತಿಭಟನೆಯ ಹಾಡು ಜನಪ್ರಿಯ ಆದಾಗ ಮೊದಲು ಕಳೆದುಹೋಗುವುದು ಅದರ ಪ್ರಶ್ನೆಯೇ. ಈ ಮಾತು ನೆನಪಿಡಿ, ನಮ್ಮ ರಾಯಣ್ಣನ ಹಾಡಿಗೂ ಇದೇ ಆಗಿದೆ.

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಕಡ್ಡಾಯ ಸೈನ್ಯ ಸೇವೆ ಇಲ್ಲ. ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ಹುಡುಗರೇ ಹೋಗುತ್ತಾರೆ, ಆಸೆಪಟ್ಟು ಹೋಗುತ್ತಾರೆ. ಬೆಳಗಿನ ಜಾವ ಐದು ಗಂಟೆಗೆ ಎದ್ದು ನಮ್ಮ ಯಾವುದೇ ತಾಲ್ಲೂಕಿನ ಡಾಂಬರು ರಸ್ತೆಗೆ ಬನ್ನಿ, ಗುಂಪು ಗುಂಪಾಗಿ ರನ್ನಿಂಗ್ ಹೊಡೆಯುವ ಹುಡುಗರು ಸಿಗುತ್ತಾರೆ. 1,600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್ ತೆಗೆದರೆ 40. ಒಂಬತ್ತು ಅಡಿ ಗುಂಡಿ ಹಾರಬೇಕು. ಆಮೇಲೆ ಮೆಡಿಕಲ್. ಈಗ ಎಲ್ಲಕ್ಕೂ ಮೊದಲು ಆನ್‌ಲೈನ್ ಪರೀಕ್ಷೆ ಇದೆ, 2025ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು. ಅದು ನಿಜಕ್ಕೂ ಒಳ್ಳೆ ಕೆಲಸ. ಜನರಲ್ ಡ್ಯೂಟಿಗೆ, ಅಂದರೆ ಸಾಮಾನ್ಯ ಸೈನಿಕನ ಕೆಲಸಕ್ಕೆ, ಹತ್ತನೇ ಕ್ಲಾಸ್ ಪಾಸಾಗಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಅಂಕ ಇದ್ದರೆ ಸಾಕು. ಊರಿನಲ್ಲಿ ಬೇರೆ ಕೆಲಸ ಇಲ್ಲದ ಹುಡುಗನಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇನ್ನೊಂದಿಲ್ಲ ಅನ್ನಿಸುತ್ತದೆ, ಯಾಕಂದರೆ ಓಟಕ್ಕೆ ಲಂಚ ನಡೆಯುವುದಿಲ್ಲ, ಗಡಿಯಾರಕ್ಕೆ ಜಾತಿ ಗೊತ್ತಿಲ್ಲ.

ಹಾಗಾದರೆ ಅನ್ಯಾಯ ಎಲ್ಲಿದೆ? ಬಾಗಿಲಿನಲ್ಲಿದೆ. ಸೇನೆಗೆ ಎರಡು ಬಾಗಿಲು. ಒಂದು ಜವಾನನದು, ಅಂದರೆ ಸಾಮಾನ್ಯ ಸೈನಿಕನದು, ಅದು ಮೈದಾನದಿಂದ ಶುರುವಾಗುತ್ತದೆ. ಇನ್ನೊಂದು ಅಧಿಕಾರಿಯದು, ಅದು ಒಳ್ಳೆ ಶಾಲೆಯಿಂದ, ಇಂಗ್ಲಿಷಿನಿಂದ, ಐದು ದಿನದ ಸಂದರ್ಶನದಿಂದ ಶುರುವಾಗುತ್ತದೆ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾಗಿದ್ದೇ ಸಾಮಾನ್ಯ ಮನೆಯ ಮಕ್ಕಳಿಗೆ ಎರಡನೇ ಬಾಗಿಲು ತೆರೆಯಲು. ಬೆಳಗಾವಿಯಲ್ಲೂ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ಅಲ್ಲಿಂದ ಹಳ್ಳಿ ಹುಡುಗರು ದೊಡ್ಡ ಅಧಿಕಾರಿಗಳಾಗಿದ್ದಾರೆ, ಹೆಮ್ಮೆಯ ವಿಷಯ. ಆದರೆ ಅಲ್ಲಿ ಇರುವುದು ಕೆಲವೇ ಸೀಟು, ಭರ್ತಿಗೆ ಓಡುವ ಹುಡುಗರು ಸಾವಿರಾರು.

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಬಂತು. ಅದು ಬದಲಾಯಿಸಿದ್ದು ಮೊದಲ ಬಾಗಿಲನ್ನು ಮಾತ್ರ. ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದು. ಜವಾನನಾಗಿ ಸೇರಿದರೆ ನಾಲ್ಕು ವರ್ಷ. ನೂರರಲ್ಲಿ 25 ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಅಧಿಕಾರಿಗಳ ನೇಮಕಕ್ಕೆ ಈ ನಿಯಮ ಇಲ್ಲ. ಶಾರ್ಟ್ ಸರ್ವಿಸ್‌ನಲ್ಲಿ, ಅಂದರೆ ಸೀಮಿತ ಅವಧಿಗೆ, ಬರುವ ಅಧಿಕಾರಿಗೂ ಪಿಂಚಣಿ ಇಲ್ಲ ಅನ್ನುವುದು ನಿಜ, ಆದರೆ ಅವರಿಗೆ 10 ವರ್ಷ, ಮುಂದುವರಿಸಿದರೆ 14 ವರ್ಷ ಸೇವೆ ಇದೆ. ಸೇನೆಯ ಖರ್ಚು ಕಡಿಮೆ ಆಗಬೇಕು, ಪಡೆ ಹರೆಯದ್ದಾಗಿರಬೇಕು ಅನ್ನುವ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆ ಉಳಿತಾಯದ ಭಾರವನ್ನು ಹೊರಲು ಕೆಳಗಿನ ಸಾಲನ್ನೇ ಯಾಕೆ ಆರಿಸಿದರು ಅನ್ನುವುದು ನನ್ನ ಪ್ರಶ್ನೆ.

ಲೆಕ್ಕವನ್ನೂ ನೋಡಿ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಇದರಲ್ಲಿ ಶೇ 30 ಮುರಿದುಕೊಳ್ಳುತ್ತಾರೆ, ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ಕೊನೆಗೆ ಸೇವಾನಿಧಿ ಅಂತ ಬಡ್ಡಿ ಸೇರಿ ಸುಮಾರು 11.71 ಲಕ್ಷ ಬರುತ್ತದೆ. ಊರಿನಲ್ಲಿ ಈ ಮೊತ್ತವನ್ನು ಸರ್ಕಾರ ಕೊಡುವ ಇನಾಮು ಅನ್ನುವ ಹಾಗೆ ಮಾತಾಡುತ್ತಾರೆ. ಅದರಲ್ಲಿ 5.02 ಲಕ್ಷ ಹುಡುಗನದೇ ಸಂಬಳ, ನಾಲ್ಕು ವರ್ಷ ತಿಂಗಳು ತಿಂಗಳು ಮುರಿದದ್ದು. ಅಷ್ಟೇ ದುಡ್ಡನ್ನು ಸರ್ಕಾರ ಹಾಕುತ್ತದೆ. ಜೊತೆಗೆ 48 ಲಕ್ಷದ ವಿಮೆ ಇದೆ, ಅರೆಸೇನಾ ಪಡೆಗಳಲ್ಲಿ ಶೇ 10 ಮೀಸಲಾತಿಯ ಮಾತು ಶುರುವಿನಲ್ಲೇ ಕೊಟ್ಟಿದ್ದಾರೆ. ಆದರೆ ನಮ್ಮ ಕಡೆ ಮಿಲ್ಟ್ರಿ ಅಂದರೆ ಹಿಂದಿನಿಂದ ಇದ್ದ ಅರ್ಥ ಬೇರೆ. ಹದಿನೈದು ಹದಿನೇಳು ವರ್ಷ ಸೇವೆ, ಆಮೇಲೆ ಪಿಂಚಣಿ, ಕ್ಯಾಂಟೀನ್ ಕಾರ್ಡ್, ತಂಗಿಯ ಮದುವೆ, ಅಪ್ಪನ ಸಾಲ ತೀರುವುದು, ಊರಲ್ಲಿ ಒಂದು ಆರ್‌ಸಿಸಿ ಮನೆ. ಒಂದು ಕುಟುಂಬ ಬಡತನದಿಂದ ಮೇಲೆ ಏರಲು ಇದ್ದ ಏಣಿ ಅದು. ಈಗ ಆ ಏಣಿಯ ನಾಲ್ಕನೇ ಮೆಟ್ಟಿಲಲ್ಲೇ ನೂರರಲ್ಲಿ ಎಪ್ಪತ್ತೈದು ಮಂದಿ ಇಳಿಯಬೇಕು.

2022ರ ಜೂನ್‌ನಲ್ಲಿ ಬಿಹಾರ, ಉತ್ತರ ಪ್ರದೇಶ, ಸಿಕಂದರಾಬಾದ್ ಹೊತ್ತಿ ಉರಿದಾಗ ನಮ್ಮ ಧಾರವಾಡ, ಖಾನಾಪುರದಲ್ಲೂ ಹುಡುಗರು ಬೀದಿಗೆ ಇಳಿದರು. ಕೊರೊನಾ ಅಂತ ಎರಡು ವರ್ಷ ಭರ್ತಿಯೇ ನಡೆದಿರಲಿಲ್ಲ, ಓಡಿ ಓಡಿ ವಯಸ್ಸು ಮೀರಿದವರ ಸಿಟ್ಟು ಅದು. ಕೆಲವೇ ದಿನ, ಆಮೇಲೆ ತಣ್ಣಗಾಯಿತು. ಕೇಸ್ ಬಿದ್ದರೆ ಭರ್ತಿಗೆ ಅವಕಾಶವೇ ಇಲ್ಲ ಅಂತ ಹೇಳಿದ್ದರು, ಹುಡುಗರು ಮತ್ತೆ ಗ್ರೌಂಡಿಗೆ ಹೋದರು. ಅವರನ್ನು ದೂರುವ ಹಕ್ಕು ನಮಗಿಲ್ಲ. ‘ನಾಕ್ ವರ್ಷಾದ್ರೂ ಇರ್ಲಿ ಅಣ್ಣಾ, ಊರಾಗ ಖಾಲಿ ಕುಂಡ್ರೂದಕ್ಕಿಂತ ಛಲೋ ಅಲ್ಲೇನು’ ಅನ್ನುವ ಹುಡುಗನಿಗೆ ನಾವು ಕೊಡುವ ಉತ್ತರ ಏನು? ಕಡ್ಡಾಯದ ಕರೆ ಇಲ್ಲದ ಕಡೆ ಹಸಿವೇ ಕರೆ ಕಳಿಸುತ್ತದೆ. 2024ರಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಹುಡುಗರನ್ನು ಸೆಕ್ಯುರಿಟಿ ಕೆಲಸ ಅಂತ ನಂಬಿಸಿ ರಷ್ಯಾಕ್ಕೆ ಕರೆದುಕೊಂಡು ಹೋಗಿ ಉಕ್ರೇನ್ ಯುದ್ಧದ ಜಾಗಕ್ಕೆ ತಳ್ಳಿದ್ದರು. ಆ ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು. ಬೇರೆಯವರ ಯುದ್ಧಕ್ಕೂ ನಮ್ಮ ಬಡವರ ಮಕ್ಕಳೇ ಬೇಕಾದರು.

ಇನ್ನು ಹಾಡಿನ ಮಾತು. ಈ ಭಾಗದಲ್ಲಿ ಸೈನ್ಯ, ಭೂಮಿ, ಅನ್ಯಾಯ ಮೂರನ್ನೂ ಒಟ್ಟಿಗೆ ಹಾಡಿದ ಪರಂಪರೆ ಇದೆ. ಸಂಗೊಳ್ಳಿ ರಾಯಣ್ಣನನ್ನೇ ತೆಗೆದುಕೊಳ್ಳಿ. ಅವನು ಅರಮನೆಯ ಕುಡಿಯಲ್ಲ. ಕಿತ್ತೂರು ಸಂಸ್ಥಾನದ ಶೇತಸನದಿ ಆಳು, ಅಂದರೆ ಕಾವಲು ಮತ್ತು ದಂಡಿನ ಸೇವೆಗೆ ಪ್ರತಿಯಾಗಿ ಹೊಲ ಪಡೆದ ಮನೆತನದವನು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಕಂಪನಿ ಸರ್ಕಾರ ಇಂಥ ಹೊಲಗಳ ಮೇಲೆ ಕೈ ಹಾಕಿತು, ಕಂದಾಯ ಏರಿಸಿತು, ಕೆಲವರ ಹೊಲ ಕಿತ್ತುಕೊಂಡಿತು. ಸೇವೆ ಮಾಡಿಸಿಕೊಂಡು ಅದರ ಫಲವನ್ನು ಕಿತ್ತುಕೊಂಡರು. ರಾಯಣ್ಣನ ತಾಯಿ ಕೆಂಚವ್ವನ ಬೆನ್ನ ಮೇಲೆ ಕಂದಾಯಕ್ಕಾಗಿ ಕಲ್ಲು ಹೊರಿಸಿದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಅವನು ದಂಗೆ ಎದ್ದಾಗ ಮಾಡಿದ್ದೇನು? ಬೀಡಿ ಎಂಬ ಊರಿನಂಥ ಕಡೆ ಕಚೇರಿಗೆ ಬೆಂಕಿ ಇಟ್ಟ, ಸಾಲದ, ಭೂಮಿಯ ಕಾಗದಪತ್ರ ಸುಟ್ಟ. ಅವನ ಜೊತೆ ಇದ್ದವರು ಅವನ ಹಾಗೇ ಹೊಲ ಕಳೆದುಕೊಂಡವರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ನಮ್ಮ ಲಾವಣಿ, ಡೊಳ್ಳಿನ ಪದಗಳು ಅವನನ್ನು ಉಳಿಸಿದವು, ಸರ್ಕಾರಿ ಇತಿಹಾಸಕ್ಕೆ ಅವನು ಬೇಕಾಗುವ ಎಷ್ಟೋ ಮೊದಲೇ.

ಇನ್ನೊಂದು ಹಲಗಲಿಯದು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕು. 1857ರಲ್ಲಿ ಆಯುಧ ಇಟ್ಟುಕೊಳ್ಳಬಾರದು ಎಂಬ ಕಾನೂನು ಬಂದಾಗ ಬೇಟೆಯೇ ಬದುಕಾಗಿದ್ದ ಬೇಡರು ಒಪ್ಪಲಿಲ್ಲ. ಆ ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಸಿಕ್ಕವರಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಇದರ ಲಾವಣಿಯನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಅವರೂ ಇಂಗ್ಲಿಷ್ ಅಧಿಕಾರಿಯೇ. ನಮ್ಮ ಮಕ್ಕಳು ಹತ್ತನೇ ಕ್ಲಾಸಿನಲ್ಲಿ ಅದನ್ನು ಓದಿದ್ದಾರೆ. ಸೇನಾ ಭರ್ತಿಗೆ ಬೇಕಾದ ಅದೇ ಹತ್ತನೇ ಕ್ಲಾಸ್. ಆ ಲಾವಣಿಯಲ್ಲಿ ಹೊಗಳಿಕೆ ಇದೆ, ಜೊತೆಗೆ ಯಾರು ಕಾನೂನು ಮಾಡಿದರು, ಯಾರ ಕೈಯಿಂದ ಕಿತ್ತುಕೊಂಡರು, ಯಾರ ಮನೆ ಸುಟ್ಟರು ಅನ್ನುವ ಲೆಕ್ಕವೂ ಇದೆ. ಎರಡೂ ಒಂದೇ ಪದದಲ್ಲಿ ಇರಬಹುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ರಾಯಣ್ಣನ ಹಾಡು ಡಿಜೆಗೆ ಬಂದಿದೆ. ಕತ್ತಿ ಇದೆ, ಮೀಸೆ ಇದೆ, ಕುದುರೆ ಇದೆ, ಜೈಕಾರ ಇದೆ. ಹೊಲ ಇಲ್ಲ, ಕಂದಾಯ ಇಲ್ಲ, ಸುಟ್ಟ ಕಾಗದ ಇಲ್ಲ. ಕುಣಿಯುವ ಹುಡುಗರ ತಪ್ಪಲ್ಲ ಇದು. ಸ್ಟುಡಿಯೊದಲ್ಲಿ ಹಾಡು ಮಾಡುವವರು ಓಡುವ ಸರಕು ನೋಡುತ್ತಾರೆ. ಓಟು ಬೇಕಾದವರಿಗೂ ರಾಯಣ್ಣನ ಕತ್ತಿ ಸಾಕು, ಅವನು ಸುಟ್ಟ ದಫ್ತರದ ಮಾತು ಬೇಡ.

ಮಿಲ್ಟ್ರಿ ಹಾಡಿನ ವಿಷಯದಲ್ಲಿ ಇನ್ನೂ ಒಂದು ಕಷ್ಟ ಇದೆ, ಅದನ್ನು ಗೌರವದಿಂದಲೇ ನೋಡಬೇಕು. 2024ರ ಡಿಸೆಂಬರ್ 24ರಂದು ಪೂಂಚ್‌ನಲ್ಲಿ ಸೇನಾ ವಾಹನ ಕಮರಿಗೆ ಬಿದ್ದು ಮರಾಠಾ ಲೈಟ್ ಇನ್‌ಫೆಂಟ್ರಿಯ ಐವರು ಅಂದೇ ತೀರಿಕೊಂಡರು. ಒಬ್ಬರು ಬೆಳಗಾವಿ ಹತ್ತಿರದವರು, ಒಬ್ಬರು ಮಹಾಲಿಂಗಪುರದವರು. ಇಂಥ ಊರಿನಲ್ಲಿ ಪೆಟ್ಟಿಗೆ ಬಂದ ದಿನ ಯಾರೂ ವರ್ಗದ ಪ್ರಶ್ನೆ ಎತ್ತಲಾರರು, ಎತ್ತಲೂಬಾರದು. ಹೂವಿನ ಟ್ರಕ್ಕು, ಗನ್ ಸೆಲ್ಯೂಟ್, ಶಾಲೆ ಮಕ್ಕಳ ಸಾಲು, ತಾಯಿಯ ಅಳು. ಆಗ ಹಾಡು ಹೊಗಳಬೇಕು, ಅಷ್ಟೇ. ತೊಂದರೆ ಏನಂದರೆ ಆ ದಿನದ ದನಿಯೇ ವರ್ಷವಿಡೀ ಉಳಿದುಬಿಟ್ಟಿದೆ. ಬೇರೆ ದಿನ ಯಾರಾದರೂ ಪಿಂಚಣಿ ಯಾಕಿಲ್ಲ ಅಂತ ಕೇಳಿದರೆ, ಸೈನಿಕರಿಗೆ ಅವಮಾನ ಮಾಡುತ್ತಿದ್ದೀಯಾ ಅನ್ನುವ ಉತ್ತರ ಬರುತ್ತದೆ. ಪಿಂಚಣಿ ಕೇಳುವುದು ಸೈನಿಕನ ಪರವಾಗಿ ಅಲ್ವಾ?

ಹೋಲಿಸಿ ನೋಡಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕು ಅಂತ ಕೂತರು, ಕೊನೆಗೆ ಸರ್ಕಾರ 3,300ಕ್ಕೆ ಒಪ್ಪಿಸಿತು. ರೈತ ತನ್ನ ಬೆಳೆಗೆ ಬೆಲೆ ಕೇಳಿದರೆ ದೇಶಕ್ಕೆ ದ್ರೋಹ ಅಂತ ಇಲ್ಲಿ ಯಾರೂ ಅನ್ನುವುದಿಲ್ಲ. ಅದೇ ರೈತನ ಮಗ ತನ್ನ ಹರೆಯಕ್ಕೆ ಬೆಲೆ ಕೇಳಲಾರ. ಸಮವಸ್ತ್ರ ಹಾಕಿದ ಮೇಲೆ ಅವನು ಬಾಯಿ ತೆರೆಯುವ ಹಾಗೇ ಇಲ್ಲ, ಶಿಸ್ತು ಅದು, ಸರಿ. ಹಾಗಾಗಿ ಅವನ ಪರವಾಗಿ ಬೇರೆಯವರು ಕೇಳಬೇಕು. ಮನೆಯವರು, ಊರವರು, ಪದ ಕಟ್ಟುವವರು. ಸಿದ್ಧಲಿಂಗಯ್ಯನವರು ಸ್ವಾತಂತ್ರ್ಯ ಯಾರಿಗೆ ಬಂತು ಅಂತ ಹಾಡಿನಲ್ಲೇ ಕೇಳಿದಾಗ ಹೋರಾಟದ ಮೆರವಣಿಗೆಗಳೆಲ್ಲ ಅದನ್ನು ಹಾಡಿದವು. ಅದೇ ಧೈರ್ಯದಲ್ಲಿ ಗಡಿಯ ಭಾರ ಯಾರ ಹೆಗಲಿಗೆ ಬಂತು ಅಂತ ಕೇಳುವುದರಲ್ಲಿ ತಪ್ಪೇನಿದೆ?

ಇದಕ್ಕೆ ಬೇಕಾದ ಹಾಡಿನ ಅಚ್ಚು ನಮ್ಮ ಹತ್ತಿರವೇ ಇದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಗೀಗೀ ಮೇಳಗಳಲ್ಲಿ ಹರದೇಶಿ-ನಾಗೇಶಿ ಅಂತ ಎರಡು ಪಕ್ಷ. ಹರದೇಶಿಯವರು ಶಿವ ಹೆಚ್ಚು ಅನ್ನುತ್ತಾರೆ, ನಾಗೇಶಿಯವರು ಶಕ್ತಿ ಹೆಚ್ಚು ಅನ್ನುತ್ತಾರೆ. ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಜವಾಬು ನಡೆಯುತ್ತದೆ. ಸೋತ ಪಕ್ಷವನ್ನು ಯಾರೂ ಊರಿನ ವೈರಿ ಅನ್ನುವುದಿಲ್ಲ. ಇದೇ ಗೀಗೀ ಮೇಳಗಳು ಸ್ವಾತಂತ್ರ್ಯ ಚಳವಳಿಯಲ್ಲಿ ಊರೂರು ಸುತ್ತಿ ಬ್ರಿಟಿಷರ ವಿರುದ್ಧ ಹಾಡಿದ್ದವು. ಇಂಥ ಕಡೆ ಒಂದು ಪಕ್ಷ ಸೈನಿಕನ ಶೌರ್ಯ ಹಾಡಲಿ, ಮನಸಾರೆ ಹಾಡಲಿ. ಎದುರು ಪಕ್ಷ ಸೈನಿಕನ ತಾಯಿಯಾಗಿ ಎದ್ದು ನಿಂತು ಕೇಳಲಿ: ನಾಲ್ಕು ವರ್ಷ ಆದ ಮೇಲೆ ನನ್ನ ಮಗ ಯಾರ ಹೊಲದಲ್ಲಿ ದುಡಿಯಬೇಕು? ಬಂದೂಕು ಹಿಡಿದ ಕೈಗೆ ಎಟಿಎಂ ಬಾಗಿಲು ಕಾಯುವ ಕೆಲಸವೇ ಗತಿಯೇ? ಸಾಹೇಬನಿಗೆ ಇಲ್ಲದ ನಾಲ್ಕು ವರ್ಷದ ಅವಧಿ ನನ್ನ ಮಗನಿಗೆ ಯಾಕೆ? ಜವಾಬು ಕೊಡುವವರು ಕೊಡಲಿ, ಸೇನೆಯ ಪರವಾಗಿ ಒಳ್ಳೆ ಜವಾಬೂ ಇರಬಹುದು, ಕೂತು ಕೇಳೋಣ.

ಇದಕ್ಕೆ ಸಮಯವೂ ಬಂದಿದೆ. ಅಗ್ನಿವೀರರ, ಅಂದರೆ ಅಗ್ನಿಪಥದಲ್ಲಿ ಸೇರಿದ ಹುಡುಗರ, ಮೊದಲ ಬ್ಯಾಚ್‌ನ ನಾಲ್ಕು ವರ್ಷ 2026ರ ಕೊನೆಯಿಂದ 2027ರ ಶುರುವಿನೊಳಗೆ ಮುಗಿಯುತ್ತದೆ. ಸೇರಿದಾಗ ಹದಿನೇಳೂವರೆಯಿಂದ ಇಪ್ಪತ್ಮೂರರ ಒಳಗಿದ್ದವರು. ವಾಪಸ್ ಬರುವ ಹೊತ್ತಿಗೆ ಮದುವೆ ವಯಸ್ಸು, ದುಡಿಯುವ ವಯಸ್ಸು. ಕಿತ್ತೂರು ಉತ್ಸವ ಅಕ್ಟೋಬರ್‌ನಲ್ಲಿ, ಸಂಗೊಳ್ಳಿ ಉತ್ಸವ ಜನವರಿಯಲ್ಲಿ ಸರ್ಕಾರವೇ ಮಾಡುತ್ತದೆ. ಸಿನಿಮಾ ಗಾಯಕರಿಗೆ ಗಂಟೆಗಟ್ಟಲೆ ವೇದಿಕೆ ಕೊಡುತ್ತಾರೆ. ನಮ್ಮ ಕೃಷ್ಣ ಪಾರಿಜಾತದ ಆಟದವರು, ಡೊಳ್ಳಿನವರು, ಗೀಗೀ ಮೇಳದವರು ಈ ವಿಷಯದ ಮೇಲೆ ಹೊಸ ಪದ ಕಟ್ಟಿ ಈಗಲೇ ಸಂಘಟಕರ ಹತ್ತಿರ ಹೋಗಿ ಸಮಯ ಕೇಳಬೇಕು. ಕೊಡದಿದ್ದರೆ ಊರ ಜಾತ್ರೆಯ ಕಟ್ಟೆ ಇದ್ದೇ ಇದೆ, ಅಲ್ಲಿ ಹಾಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ.